ನಂದಾದೀಪದ ಎಣ್ಣೆಯಿಂದ ಬಂದದ್ದಲ್ಲ

ಉಮರ್ಗಾ
೯ ಡಿಸೆಂಬರ್ ೨೦೨೫, ಮಂಗಳವಾರ

ನನ್ನ ಬೆನ್ನಿಗೆ ಹುಟ್ಟಿ, ನನಗಿಂತ ಗಟ್ಟಿಯಾಗಿ ಬೆಳೆದ ತಂಗಿ ಸುಗಂಧಾಳಿಗೆ ಅಣ್ಣ ಕಲ್ಯಾಣಪ್ಪನು ತಲೆ ತಗ್ಗಿಸಿ ಬರೆಯುವುದೇನೆಂದರೆ,

ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ನಾಳೆ ಮುಂಜಾನೆ ನಿಲಂಗಾದ ಮೇಲೆ ಹಾಯ್ದು ಹೋಗುವ ಬಸ್ಸಿನಲ್ಲಿ ನಾನೇ ಉದಗೀರಕ್ಕೆ ಬಂದು ನಿನ್ನ ಕೈಗೆ ಕೊಡುತ್ತೇನೆ. ಕೊಟ್ಟ ಮೇಲೆ ಮಾತನಾಡದೆ ನಿಮ್ಮ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತೇನೆ. ನಿನ್ನ ಯಜಮಾನರು ಓಂಪ್ರಕಾಶರು ಚಹಕ್ಕೆ ಕರೆದರೂ ಒಳಗೆ ಬರುವುದಿಲ್ಲ. ನೀನು ಕೊನೆಯ ಸಾಲಿನವರೆಗೆ ಓದಿ ಕರೆದರೆ ಬರುತ್ತೇನೆ. ಕರೆಯದಿದ್ದರೆ ಸಂಜೆಯ ಬಸ್ಸಿಗೆ ಮರಳುತ್ತೇನೆ. ಎಪ್ಪತ್ತೊಂದು ವರ್ಷದ ಮುದುಕನ ಹುಡುಗಾಟಿಕೆ ಇದೆಂದು ತಿಳಿಯಬೇಡ. ದೂರವಾಣಿಯಲ್ಲಿ ಹೇಳಲು ಈ ವಾರ ಮೂರು ಸಲ ಯತ್ನಿಸಿದೆ. ಮೂರು ಸಲವೂ ತುರೋರಿಯ ಹೊಲದ ತೊಗರಿಯ ಸುದ್ದಿ ಹೇಳಿ ಇಟ್ಟುಬಿಟ್ಟೆ. ಮೂರನೆಯ ಸಲ ನೀನೇ ನಕ್ಕು, “ಅಣ್ಣಾ, ತೊಗರಿಗಿ ಏನಾಗ್ಯಾದಪಾ? ನಿನ್ನೆ ಇದ್ದಲ್ಲೇ ಇವತ್ತೂ ಇರ್ತದ” ಎಂದೆ.

ಮೊದಲು ಮುಖ್ಯವಾದ ಮಾತನ್ನು ಬರೆದುಬಿಡುತ್ತೇನೆ. ಮುಂದೆ ನನ್ನ ಧೈರ್ಯ ಎಷ್ಟು ದೂರ ಬರುತ್ತದೆಯೋ ತಿಳಿಯದು. ನೀನು ಪಂಚಮಿ ಹಬ್ಬದಿಂದ ಬಿಟ್ಟಿರುವ ಗುಳಿಗೆಯನ್ನು ಮತ್ತೆ ಆರಂಭಿಸಬೇಕು. ನನ್ನ ನೆತ್ತಿಯ ಕೂದಲು ಮಠದ ನಂದಾದೀಪದ ಎಣ್ಣೆಯಿಂದ ಬಂದದ್ದಲ್ಲ. ಎಣ್ಣೆಯಿಂದಲೇ ಬಂತೆಂದು ನಾನು ನಿನಗೆ ಹೇಳಿದ್ದು ಸುಳ್ಳು.

ಕಳೆದ ವರ್ಷ ದೀಪಾವಳಿಗೆ ಮುಂಚೆ, ಕಣ್ಣು ತೋರಿಸಲು ಸೊಲ್ಲಾಪುರಕ್ಕೆ ಹೋಗುತ್ತೇನೆಂದು ನಿಮಗೆಲ್ಲ ಹೇಳಿದ್ದೆನಲ್ಲವೇ? ಕಣ್ಣಿಗೆ ಏನೂ ಆಗಿರಲಿಲ್ಲ. ಮೂತ್ರಕೋಶದ ಬುಡದಲ್ಲಿ ಗಂಡಸರಿಗೆ ಮಾತ್ರ ಇರುವ ಒಂದು ಗ್ರಂಥಿಯಿದೆ. ವೈದ್ಯರು ಪ್ರಾಸ್ಟೇಟ್ ಎನ್ನುತ್ತಾರೆ. ಅದರಲ್ಲಿ ಅರ್ಬುದ ಕಂಡಿತು. ನಿನಗೆ ಬಂದ ಕ್ಯಾನ್ಸರೇ, ಬೇರೊಂದು ಸ್ಥಳದಲ್ಲಿ. ಈ ಸಂಗತಿ ನಿನ್ನೆಯವರೆಗೆ ನನ್ನ ಮನೆಯಾಕೆ, ನಿನ್ನ ವೈನಿ ಬಂಡಮ್ಮನೊಬ್ಬಳಿಗೆ ಗೊತ್ತಿತ್ತು.

ಅದಕ್ಕೆ ಕೊಡುವ ಚಿಕಿತ್ಸೆಯನ್ನು ತಂಗಿಗೆ ಬರೆಯುವಾಗ ಲೇಖನಿ ಹಿಂಜರಿಯುತ್ತದೆ. ಮೂರು ತಿಂಗಳಿಗೊಮ್ಮೆ ಹೊಟ್ಟೆಯ ಚರ್ಮಕ್ಕೆ ಒಂದು ಸೂಜಿ. ಎಲ್ಲರೂ ಹಾರ್ಮೋನು ಎನ್ನುವುದನ್ನು ನಾನು ಒಳರಸ ಎನ್ನುತ್ತೇನೆ. ಆ ಸೂಜಿ ಗಂಡಸುತನದ ಒಳರಸವು ದೇಹದಲ್ಲಿ ಹುಟ್ಟದಂತೆ ತಡೆಯುತ್ತದೆ. ಅದನ್ನುಂಡು ಬೆಳೆಯುವ ಗಡ್ಡೆ ಉಪವಾಸ ಬೀಳುತ್ತದೆ. ವೈದ್ಯರು ಇದನ್ನೆಲ್ಲ ಮರಾಠಿಯಲ್ಲಿ ಬಹಳ ನಯವಾಗಿ ವಿವರಿಸಿದರು. ಹೋರಿಗೆ ಬೀಜ ಒಡೆಯುವುದನ್ನು ಕಣದಲ್ಲಿ ನಿಂತು ನೋಡಿದ ಒಕ್ಕಲಿಗನ ಮಗನಿಗೆ ಅನುವಾದ ಬೇಕಾಗಲಿಲ್ಲ.

ಮೊದಲ ಸೂಜಿಯಾಗಿ ತಿಂಗಳೊಳಗೆ ಉರಿ ಆರಂಭವಾಯಿತು. ಕುಳಿತಲ್ಲಿಯೇ ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕಿವಿಗೆ ಬಿಸಿ ಏರುವುದು, ಬೆವರುವುದು, ಮರುಗಳಿಗೆ ತಣ್ಣಗಾಗುವುದು. ಎರಡು ವರ್ಷಗಳ ಕೆಳಗೆ ನಿನ್ನ ಗುಳಿಗೆ ಆರಂಭವಾದಾಗ ನೀನು ಅಡುಗೆಮನೆಯಲ್ಲಿ, “ವೈನೀ, ಒಳಗ ಒಲಿ ಹಚ್ಚಿಟ್ಟಂಗ ಆಗ್ತದ” ಎಂದು ಬಂಡಮ್ಮನಿಗೆ ಹೇಳಿದ್ದೆ. ಪಡಸಾಲೆಯಲ್ಲಿದ್ದ ನಾನು ಕೇಳಿಸಿಕೊಂಡು, ಹೆಂಗಸರ ಮಾತೆಂದು ಪತ್ರಿಕೆಯ ಪುಟ ಮಗುಚಿದ್ದೆ. ಆ ಒಲೆಯ ಬಿಸಿ ಎಷ್ಟೆಂದು ಈಗ ನನಗೂ ಗೊತ್ತು. ಅದು ಏರಿದಾಗಲೆಲ್ಲ ನಿನ್ನನ್ನು ನೆನೆದಿದ್ದೇನೆ, ಆದರೆ ಹೇಳಲಿಲ್ಲ. ಆಮೇಲೆ ಎದೆ ಊದಿಕೊಂಡಿತು. ವೈಶಾಖದ ಬಿಸಿಲಿನಲ್ಲಿಯೂ ನಾನು ದಪ್ಪ ಜಾಕೀಟು ತೊಡುತ್ತಿದ್ದುದು ಅದಕ್ಕೆ. ನೀವು ಅದನ್ನು ಹಳೆಯ ಮೇಷ್ಟರ ಶಿಸ್ತೆಂದು ಕೊಂಡಾಡಿದಿರಿ, ನಾನು ಕೊಂಡಾಡಿಸಿಕೊಂಡೆ.

ಯುಗಾದಿಯ ಹೊತ್ತಿಗೆ ಕೂದಲು ಬಂತು. ಮೊದಲು ಕಂಡವನು ಬಸ್ ನಿಲ್ದಾಣದ ಬದಿಯ ಕ್ಷೌರಿಕ ಜ್ಞಾನೇಶ್ವರ. ಇಪ್ಪತ್ತು ವರ್ಷಗಳಿಂದ ನನ್ನ ಕಿವಿಗಳ ಮೇಲಿನ ಎರಡು ಗೆರೆಗಳನ್ನಷ್ಟೇ ಕತ್ತರಿಸಿ ಕಳಿಸುತ್ತಿದ್ದವನು ಅಂದು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ನಿಂತ. “ಗುರುಜೀ, ಮ್ಯಾಲ ಬೆಳಿ ಎದ್ದದ, ಕೆಳಗ ಗಡ್ಡಕ್ಕ ದುಷ್ಕಾಳ ಬಿದ್ದದ. ಇದೆಂಥಾ ಮಳಿರೀ ನಿಮ್ಮದು?” ಎಂದ. ಗಡ್ಡ ಹೊಲದ ಬದುವಿನ ಹುಲ್ಲಿನಂತೆ ಅಲ್ಲೊಂದು ಇಲ್ಲೊಂದು ಉಳಿದದ್ದು ಅವನಿಗಲ್ಲದೆ ಯಾರಿಗೆ ತಿಳಿಯಬೇಕು? ವಯಸ್ಸಿನ ಗುಣವೆಂದೆ. ಅವನು ಮತ್ತೆ ಕೇಳಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಅವನ ಮೌನ ನನ್ನ ಮಾತಿಗಿಂತ ಪ್ರಾಮಾಣಿಕವಾಗಿತ್ತು.

ಸೊಲ್ಲಾಪುರದ ವೈದ್ಯರನ್ನು ಕೇಳಿದೆ. ನೆತ್ತಿಯ ಕೂದಲನ್ನು ಸವೆಸುವುದೂ ಆ ಗಂಡಸುತನದ ರಸವೇ. ಅದು ನಿಂತರೆ ಬೇರಿನಲ್ಲಿ ಮಲಗಿದ್ದ ಕೂದಲು ಕೆಲವರಿಗೆ ಒಂದಿಷ್ಟು ಏಳುತ್ತದೆ, ಎಲ್ಲರಿಗೂ ಏಳುವುದಿಲ್ಲ, ಎದ್ದರೂ ಹರೆಯದಂತೆ ದಟ್ಟವಾಗುವುದಿಲ್ಲ ಎಂದರು. ಸುಗಂಧಾ, ಆ ದಿನ ನಾನು ದುಃಖಪಡಬೇಕಿತ್ತು. ನಾನು ಪೇಟೆಗೆ ಹೋಗಿ ಬಾಚಣಿಗೆ ಕೊಂಡೆ. ಅಂಗಡಿಯವನು ಯಾರಿಗೆಂದು ಕೇಳಿದ್ದಕ್ಕೆ ಮೊಮ್ಮಗಳಿಗೆಂದೆ. ಮನೆಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ಬಾಚಿದೆ. ಕೂಸಿನ ಕೂದಲಿನಂತೆ ಮೆತ್ತಗೆ ಇತ್ತು. ದೇಹ ಕಳೆದುಕೊಂಡ ಎಲ್ಲದಕ್ಕೂ ಇದು ಸಮವಾಯಿತೆಂದು ಒಂದು ಗಳಿಗೆ ನಿಜವಾಗಿಯೂ ಅನ್ನಿಸಿತು. ಇದನ್ನು ಬಂಡಮ್ಮನಿಗೂ ಹೇಳಿಲ್ಲ.

ಇನ್ನು ಎಣ್ಣೆಯ ಸಂಗತಿ. ನಮ್ಮ ಓಣಿಯ ಮಠದಲ್ಲಿ ನಂದಾದೀಪದ ಬತ್ತಿಯ ಸೇವೆ ನಾನು ನಿವೃತ್ತನಾದ ಮೇಲೆ ನನ್ನ ಪಾಲಿಗೆ ಬಂದದ್ದು ನಿನಗೆ ಗೊತ್ತು. ಸೋಮವಾರಕ್ಕೊಮ್ಮೆ ದೀಪದ ಬಟ್ಟಲಿನ ತಳದಲ್ಲಿ ಉಳಿದ ಎಣ್ಣೆಯನ್ನು ಸೋಸಿ ಭಕ್ತರ ಸೀಸೆಗಳಿಗೆ ಹನಿಸುತ್ತೇವೆ. ಕೂಸಿನ ನೆತ್ತಿಗೆ, ಮುದುಕರ ಮೊಣಕಾಲಿಗೆ ಹಚ್ಚುವುದು ನಮ್ಮ ತಾಯಿಯ ಕಾಲದಿಂದಲೂ ನಡೆದು ಬಂದ ರೂಢಿ. ಬತ್ತಿ ತಿದ್ದಿದ ಮೇಲೆ ಎಣ್ಣೆಗೈಯನ್ನು ಬೋಳುನೆತ್ತಿಗೆ ಒರೆಸಿಕೊಳ್ಳುವುದು ನನ್ನ ಕೆಟ್ಟ ಅಭ್ಯಾಸ.

ಜ್ಯೇಷ್ಠದ ಒಂದು ಸೋಮವಾರ ಭಜನೆ ಮುಗಿದ ಮೇಲೆ, ಕಾಳಿನ ವ್ಯಾಪಾರಿ ಮಾಣಿಕಪ್ಪ ಎಲ್ಲರ ಮುಂದೆ ನನ್ನನ್ನು ಹಿಡಿದ. ಅವನದೂ ಬೋಳುತಲೆ, ಟೊಪ್ಪಿಗೆ ಕೈಯಲ್ಲಿತ್ತು. “ಗುರುಜೀ, ತಲಿಗಿ ಏನ್ ಹಚ್ಚತೀರಿ? ನಮಗೂ ಹೇಳ್ರಿ, ಪುಣ್ಯಾ ಬರ್ತದ” ಎಂದ. ನಾನು ಬಾಯಿ ತೆರೆಯುವ ಮೊದಲೇ ಕಂಬದ ಬಳಿ ಕುಳಿತಿದ್ದ ಮುದುಕಿ ಸುಮನಬಾಯಿ ಉತ್ತರ ಕೊಟ್ಟಳು. “ಹನ್ನೊಂದು ವರ್ಷ ಆಯ್ತು ದೀಪದ ಸೇವಾ ಮಾಡ್ಲಿಕ್ಕತ್ಯಾರ. ಕೈಯಾಗಿನ ಎಣ್ಣಿ ತಲಿಗೇ ಒರಸ್ಕೋತಾರ. ಮತ್ತೇನ್ ಹಚ್ಚಬೇಕಲೇ ಅವರು?”

ಎಲ್ಲರ ಕಣ್ಣೂ ನನ್ನ ನೆತ್ತಿಯ ಮೇಲೆ. ಆಗ ನಾನು ಅಂದದ್ದು ಎರಡೇ ಮಾತು, “ಎಲ್ಲ ಗುರುಕೃಪೆ.” ಎಲ್ಲಿಯೂ ಸುಳ್ಳಾಗದ ಮಾತು ಅದು. ಅದನ್ನೇ ಆರಿಸಿಕೊಂಡು ಸುಳ್ಳು ಹೇಳಿದೆ. ಮೂವತ್ತಾರು ವರ್ಷ ಮಕ್ಕಳ ಒಂದು ಒತ್ತಕ್ಷರ ತಪ್ಪಿದರೂ ನಿಲ್ಲಿಸಿ ತಿದ್ದಿದವನು ನಾನು. ಅಂದು ಒಂದು ಊರು ತಪ್ಪು ತಿಳಿಯುತ್ತಿದ್ದುದನ್ನು ಕಂಡೂ ಕೈಮುಗಿದು ನಿಂತೆ.

ಮುಂದಿನ ಸೋಮವಾರ ಸೀಸೆಗಳ ಸಾಲು ಅಂಗಳದವರೆಗೆ ಬಂತು. ಬಂಡಮ್ಮ ಅಂದೇ ನನಗೆ ಹೇಳಿದಳು: “ನಿಮ್ಮ ಸುಳ್ಳಿಗಿ ದೇವರ ಎಣ್ಣಿ ಹಚ್ಚಬ್ಯಾಡ್ರಿ. ರೋಗ ಬಂದದ್ದು ತಪ್ಪಲ್ಲ. ಇದು ತಪ್ಪು.” ನಾನು ಊಟ ಬಿಟ್ಟು ಎದ್ದೆ.

ಪಂಚಮಿಗೆ ನೀನು ತವರಿಗೆ ಬಂದೆ. ನಾಲ್ಕು ವರ್ಷಗಳಲ್ಲಿ ನೀನು ಪಟ್ಟದ್ದನ್ನು ಬಲ್ಲೆ. ಶಸ್ತ್ರಚಿಕಿತ್ಸೆ, ಆಮೇಲೆ ಇಡೀ ತಲೆ ಬೋಳಾಗಿಸಿದ ಆ ಕೀಮೋ ಸಲೈನು, ಆಮೇಲೆ ಚಿಗುರಿದ ಕೂದಲು, ಆಮೇಲೆ ಐದು ವರ್ಷ ದಿನಕ್ಕೊಂದರಂತೆ ನುಂಗಬೇಕೆಂದ ಈ ಗುಳಿಗೆ. ಚಿಗುರಿದ ಕೂದಲು ಗುಳಿಗೆಯಿಂದ ಮತ್ತೆ ಬೈತಲೆಯಗಲ ತೆಳ್ಳಗಾದಾಗ ನೀನು ಅತ್ತದ್ದನ್ನು ಬಂಡಮ್ಮ ಹೇಳಿದ್ದಳು. ಒಮ್ಮೆ ಕೊಟ್ಟು ಮತ್ತೆ ಕಸಿದುಕೊಂಡದ್ದೇ ಹೆಚ್ಚು ನೋಯಿಸಿತೆಂದು ನಿನ್ನ ಮಾತು. ಹಬ್ಬದ ಮಧ್ಯಾಹ್ನ ನೀನು ನನ್ನೆದುರು ಸೆರಗು ಸರಿಸಿ ಕುಳಿತೆ. ತಂದೆಯ ಎದುರಿಗೂ ನೀನು ಸೆರಗು ಸರಿಸಿದವಳಲ್ಲ. “ಅಣ್ಣಾ, ಮಂದಿ ಮಾತು ಬ್ಯಾಡ. ನೀ ಹೇಳು. ನಿನಗ ಬಂದದ್ದು ದೀಪದ ಎಣ್ಣಿಂದನ ಏನು? ನೀ ಹೂಂ ಅಂದ್ರ ನಾ ಮತ್ತ್ಯಾರನ್ನೂ ಕೇಳೂದಿಲ್ಲ” ಎಂದೆ.

ನಾನು ಹೂಂ ಎಂದೆ.

ಎದ್ದು ಹೋಗಿ, ನನ್ನ ಕೈಯಿಂದಲೇ ನಿನಗೊಂದು ಸೀಸೆ ತುಂಬಿಸಿ ತಂದೆ. ಹೂಂ ಎನ್ನದೆ ಇನ್ನೇನು ಹೇಳಬಹುದಿತ್ತೆಂದು ನಾಲ್ಕು ತಿಂಗಳಿಂದ ಯೋಚಿಸಿದ್ದೇನೆ. “ಇಲ್ಲ ತಂಗೀ, ನನಗೂ ನಿನ್ನ ರೋಗವೇ ಬಂದಿದೆ” ಎಂದಿದ್ದರೆ ಮುಗಿಯುತ್ತಿತ್ತು. ಅದರ ನಂತರ ನೀನು ಎಲ್ಲಿ ಎಂದು ಕೇಳುತ್ತಿದ್ದೆ. ಆ ಒಂದು ಪ್ರಶ್ನೆಗೆ ಹೆದರಿದೆ. ನಿನ್ನ ಎದೆಯ ಗಡ್ಡೆಯನ್ನು ನೀನು ಎಂಟು ತಿಂಗಳು ಮುಚ್ಚಿಟ್ಟದ್ದು ತಿಳಿದಾಗ, ನಿಮ್ಮ ಮನೆಯ ನಡುವೆ ನಿಂತು, ನಾಚಿಕೆ ಗಡ್ಡೆಗಿಂತ ಬೇಗ ಬೆಳೆಯುತ್ತದೆಂದು ನಾನು ಬೈದಿದ್ದೆ. ನೀನು ತಲೆ ಬಾಗಿಸಿ ಕೇಳಿದ್ದೆ. ಬೈದವನು ಎಂಥವನೆಂದು ಈಗ ನೋಡು.

ಕಳೆದ ಗುರುವಾರ ನಿನ್ನ ಸೊಸೆ ಸಪನಾ ಕರೆ ಮಾಡಿದಳು. ಅವಳ ದನಿಯಲ್ಲಿ ಎಷ್ಟು ಸಂತೋಷವಿತ್ತೆಂದರೆ ನಾನೂ ಮೊದಲು ನಕ್ಕೆ. “ಮಾಮಾ, ನಿಮ್ಮ ಎಣ್ಣಿಗಿ ಗುಣಾ ಬಂದದ ನೋಡ್ರಿ. ಅತ್ತಿಯವರ ಬೈತಲಿ ಕಡಿ ಸಣ್ಣ ಸಣ್ಣ ಕೂದಲಾ ಹುಟ್ಯಾವ. ದಿನಾ ಕನ್ನಡಿ ಮುಂದ ಕೂಡ್ತಾರ. ಇನ್ನೊಂದು ಬಾಟಲಿ ಕಳಸ್ರಿ” ಎಂದಳು. ಗುಳಿಗೆ ನಡೆದಿದೆಯೇ ಎಂದು ಕೇಳಿದೆ. “ಅದು ಪಂಚಮಿ ಮುಗಿಸಿ ಬಂದಾಗಿಂದ ಬಿಟ್ಟಾರ್ರಿ. ದೇವರದು ಹಚ್ಚಿದ ಮ್ಯಾಲ ಡಾಕ್ಟರದು ಯಾಕ ಅಂತಾರ” ಎಂದಳು. ನಿನ್ನ ಗುಳಿಗೆಯ ವಿಷಯ ನನಗೆ ತಿಳಿದದ್ದು ಹೀಗೆ.

ಶನಿವಾರ ನನ್ನ ಸೂಜಿಯ ಸರದಿಯಿತ್ತು. ವೈದ್ಯರಿಗೆ ನಿನ್ನ ಸಂಗತಿ ಹೇಳಿದೆ. ಅವರು ಬರೆಯುತ್ತಿದ್ದ ಲೇಖನಿಯನ್ನು ಕೆಳಗಿಟ್ಟರು. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಇಷ್ಟನ್ನು ದಯವಿಟ್ಟು ಎರಡು ಸಲ ಓದು.

ನಿನ್ನ ಗಡ್ಡೆಗೆ ಆಹಾರವಾಗಿದ್ದುದು ಹೆಣ್ಣುತನದ ಒಳರಸ. ನಿನ್ನ ಗುಳಿಗೆ ಅದನ್ನು ಹುಟ್ಟಗೊಡುವುದಿಲ್ಲ. ಹೆಂಗಸರ ಕೂದಲನ್ನು ಕಾಯುವುದೂ ಆ ರಸವೇ ಆದ್ದರಿಂದ, ಗುಳಿಗೆ ತನ್ನ ಕೆಲಸ ಮಾಡುವಾಗ ಕೆಲವರ ಕೂದಲು ತೆಳ್ಳಗಾಗುತ್ತದೆ. ಗುಳಿಗೆ ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಕೂದಲು ಚಿಗುರಬಹುದು. ನಿನಗೆ ಆದದ್ದು ಅದೇ. ಔಷಧ ನನ್ನೊಳಗೆ ನಡೆದಿರುವುದರಿಂದ ನನಗೆ ಕೂದಲು ಬಂತು. ಔಷಧ ನಿನ್ನೊಳಗೆ ನಿಂತಿರುವುದರಿಂದ ನಿನಗೆ ಕೂದಲು ಬಂದಿದೆ. ನೀನು ದಿನವೂ ಕನ್ನಡಿಯಲ್ಲಿ ನೋಡಿ ಸಂತೋಷಪಡುತ್ತಿರುವ ಆ ಸಣ್ಣ ಕೂದಲು, ಬಾಗಿಲ ಕಾವಲುಗಾರ ಎದ್ದು ಹೋಗಿರುವ ಸುಳಿವು. ಗಡ್ಡೆ ಮರಳಿಯೇ ಮರಳುತ್ತದೆಂದು ಅವರು ಹೇಳಲಿಲ್ಲ. ಮರಳುವ ಭಯ ಹೆಚ್ಚಾಗಿದೆ, ಇನ್ನೊಂದು ದಿನವನ್ನೂ ಕಳೆಯದೆ ತಂಗಿ ತನ್ನ ವೈದ್ಯೆಯನ್ನು ಕಾಣಲಿ ಎಂದರು. ಕೂದಲಿಗೆ ಹಚ್ಚುವ ದ್ರವವಿದೆಯಂತೆ. ಒಂದು ಗುಳಿಗೆ ಒಗ್ಗದಿದ್ದರೆ ಅದೇ ಕೆಲಸದ ಇನ್ನೊಂದನ್ನು ಕೊಡುವುದೂ ಉಂಟಂತೆ. ನೀನು ಬಾಯಿಬಿಟ್ಟು ಹೇಳಿದ್ದರೆ ದಾರಿಯಿತ್ತು. ನೀನು ಅಣ್ಣನಿಗೆ ಹೇಳಿದೆ.

ನನ್ನ ಈ ಮಾತನ್ನು ನೀನು ನಂಬುವುದಿಲ್ಲವೆಂಬ ಅಂಜಿಕೆಯಿತ್ತು. ಗುಳಿಗೆ ನುಂಗಿಸಲು ಅಣ್ಣ ಕಥೆ ಕಟ್ಟುತ್ತಾನೆ ಎನ್ನಬಹುದು. ಅದಕ್ಕೆ ನಿನ್ನೆ, ಸೋಮವಾರದ ಭಜನೆಯಾದ ಮೇಲೆ, ದೀಪದ ಬಳಿ ನಿಂತು ಎಲ್ಲರಿಗೂ ಹೇಳಿದೆ. ರೋಗದ ಹೆಸರು ಹೇಳಿದೆ, ಸೂಜಿಯ ಸಂಗತಿ ಹೇಳಿದೆ. ಕೂದಲು ಅದರಿಂದ ಬಂತು, ಎಣ್ಣೆಯಿಂದಲ್ಲ ಎಂದೆ. ಮಾಣಿಕಪ್ಪ ಟೊಪ್ಪಿಗೆ ತೆಗೆದು ನೆತ್ತಿ ಸವರಿಕೊಂಡು, “ಹಂಗಾದ್ರ ಆ ಸೂಜಿ ಎಲ್ಲಿ ಸಿಗ್ತದ ಗುರುಜೀ?” ಎಂದ. ಜನ ನಕ್ಕರು. ಆ ಸೂಜಿ ಗಂಡಸಿನಿಂದ ಏನನ್ನು ತೆಗೆದುಕೊಂಡು ಕೂದಲು ಕೊಡುತ್ತದೆಂಬುದನ್ನೂ ಹೇಳಿದೆ. ನಗು ನಿಂತಿತು. ಮಾಣಿಕಪ್ಪ ಟೊಪ್ಪಿಗೆಯನ್ನು ತಲೆಗೆ ಹಾಕಿಕೊಂಡ. ಕೆಲವರು ಸೀಸೆಗಳನ್ನು ಜೋಳಿಗೆಗೆ ಸೇರಿಸಿಕೊಂಡು ನನ್ನ ಮುಖ ನೋಡದೆ ಹೊರಗೆ ಹೋದರು. ಸುಮನಬಾಯಿ ಮಾತ್ರ ಕೂತಲ್ಲಿಂದಲೇ ಕೈ ಚಾಚಿದಳು. “ಇರ್ಲಿ ಬಿಡ್ರಿ. ನನ್ನ ಸೀಸಾ ತುಂಬ್ರಿ. ನನಗ ಮೊಣಕಾಲಿಗಿ ಬೇಕು, ತಲಿಗಲ್ಲ.” ತುಂಬಿಕೊಟ್ಟೆ.

ನೀನೂ ಎಣ್ಣೆಯನ್ನು ಬಿಡಬೇಕಿಲ್ಲ ತಂಗೀ. ಗುರುವು ಗುಳಿಗೆಯ ಮೇಲೆ ಮುನಿಯುವವನಲ್ಲ. ಅವನ ಹೆಸರಿನ ಹಿಂದೆ ಅಡಗಿ ಕುಳಿತವನ ಮೇಲೆ ಮುನಿದಿದ್ದರೆ ಆ ಲೆಕ್ಕ ನನಗೂ ಅವನಿಗೂ ಇರಲಿ.

ನಾಡಿದ್ದು ಗುರುವಾರ ಹನ್ನೊಂದು ಗಂಟೆಗೆ ಲಾತೂರಿನ ನಿನ್ನ ವೈದ್ಯೆಯ ಬಳಿ ಸಪನಾ ಸಮಯ ಪಡೆದಿದ್ದಾಳೆ. ಪಡೆಯಲು ಹೇಳಿದವನು ನಾನು. ಕಾರಣವನ್ನು ಅವಳಿಗೆ ಹೇಳಿಲ್ಲ. ನೀನು ನನ್ನನ್ನು ಒಳಗೆ ಕರೆದರೆ ಉದಗೀರದಲ್ಲಿಯೇ ಉಳಿದು ನಿನ್ನೊಡನೆ ಬರುತ್ತೇನೆ. ಕರೆಯದಿದ್ದರೂ ಸಪನಾಳೊಡನೆ ಹೋಗು. ಗುಳಿಗೆ ಮರಳಿದರೆ ಈ ಸಣ್ಣ ಕೂದಲು ಮತ್ತೆ ಉದುರಬಹುದು. ಅದನ್ನು ನಿನ್ನಿಂದ ಎರಡನೆಯ ಸಲ ಕಸಿಯುತ್ತಿರುವವನು ನಾನು. ವೈದ್ಯರನ್ನಾಗಲಿ ದೇವರನ್ನಾಗಲಿ ದೂರಬೇಡ. ನನ್ನನ್ನು ದೂರಿದರೆ ಅದನ್ನು ಹೊತ್ತುಕೊಳ್ಳಲು ಬಂದಿದ್ದೇನೆ.

ನಿನ್ನ ಹೊಸ್ತಿಲ ಹೊರಗೆ ಕಾದಿರುವ ಅಣ್ಣ,
ಕಲ್ಯಾಣಪ್ಪ

ಮರುಬರಹ: ಪತ್ರವನ್ನು ಮಡಿಚಿಟ್ಟು ಮತ್ತೆ ಬಿಚ್ಚಿದ್ದೇನೆ. ನೀನು ಗುಳಿಗೆ ಬಿಟ್ಟದ್ದು ನನಗೆ ಸಪನಾಳಿಂದ ತಿಳಿಯಿತೆಂದು ಮೇಲೆ ಬರೆದದ್ದನ್ನು ಹೊಡೆದು ಹಾಕು. ಪಂಚಮಿಯ ಮರುದಿನ ನೀನು ಉದಗೀರದ ಬಸ್ಸು ಹತ್ತಿದ ಮೇಲೆ ನಾನು ಮಠಕ್ಕೆ ಹೋದೆ. ದೀಪದ ಬುಡದಲ್ಲಿ, ಬಿಲ್ವಪತ್ರೆಯ ಕೆಳಗೆ, ನಿನ್ನ ಕರವಸ್ತ್ರದಲ್ಲಿ ಸುತ್ತಿದ ಎರಡು ಗುಳಿಗೆಪಟ್ಟಿಗಳಿದ್ದವು, ಒಂದನ್ನೂ ಒಡೆದಿರಲಿಲ್ಲ. ನೀನು ಅವನ್ನು ಮರೆತು ಹೋಗಿರಲಿಲ್ಲ, ಗುರುವಿಗೆ ಒಪ್ಪಿಸಿ ಹೋಗಿದ್ದೆ. ಅದರ ಅರ್ಥ ನನಗೆ ಅಲ್ಲಿಯೇ ಆಯಿತು. ನಿನ್ನ ಬಸ್ಸು ಆಗ ನಿಲಂಗಾವನ್ನೂ ದಾಟಿರಲಿಲ್ಲ. ಒಂದು ಕರೆ ಸಾಕಿತ್ತು. ಮನೆಗೆ ತಂದು ನನ್ನ ಪೆಟ್ಟಿಗೆಯಲ್ಲಿ ಪುಸ್ತಕಗಳ ಕೆಳಗೆ ಇಟ್ಟು ಬೀಗ ಹಾಕಿದೆ. ಊರಿನಲ್ಲಿ ಬೇರೆ ಗುಳಿಗೆ ಕೊಂಡಿರುತ್ತಾಳೆಂದು ನಾಲ್ಕು ತಿಂಗಳು ನನಗೆ ನಾನೇ ಹೇಳಿಕೊಂಡೆ. ಕರವಸ್ತ್ರವನ್ನು ಮೊದಲಿನಂತೆಯೇ ಸುತ್ತಿ ಈ ಪತ್ರದ ಜೊತೆಗಿಟ್ಟಿದ್ದೇನೆ. ಇವನ್ನು ನುಂಗಬೇಡ, ಹೊಸದನ್ನು ವೈದ್ಯೆಯೇ ಬರೆದು ಕೊಡಲಿ. ಇವನ್ನು ತಂದದ್ದು, ನೀನು ನನ್ನನ್ನು ಒಳಗೆ ಕರೆಯುವ ಮೊದಲು ಎಂಥವನನ್ನು ಕರೆಯುತ್ತಿದ್ದೀಯೆ ಎಂಬುದು ನಿನಗೆ ತಿಳಿದಿರಲೆಂದು.